ಕೇಳುವವರು ಬೇಕಾಗಿದ್ದಾರೆ

ಏಣಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದಾರೆ ಎಂದು ನಿನ್ನೆ ಲಿಫ್ಟಿನಲ್ಲಿ ಹೇಳಿದವಳು ಅವಳೇ, ಅದೂ ಎಷ್ಟು ಸಲೀಸಾಗಿ! ಕಟ್ಟಡದ ತೀರಾ ಕೆಳಗಿನ ಮನೆಯ ಟೈಪಿಂಗ್ ಟೀಚರು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಟೆರೇಸಿಗೆ ಹೊರಟಿದ್ದರು. "ನನ್ನ ಏಣಿ ಯಾರಾದ್ರೂ ಕೇಳಿದ್ರೇನಮ್ಮಾ?" ಎಂದು ಕತ್ತೆತ್ತಿ ನೋಡಿದಾಗ, ಇಲ್ಲ ಎನ್ನುವ ಎರಡಕ್ಷರದ ಬದಲು "ಹೂಂ ಟೀಚರ್, ಕೇಳಿದಾರೆ, ನಾಳೆ ಬರ್ತಾರೆ" ಎಂಬ ಮಾತು ತಾನಾಗಿ ಹೊರಬಿದ್ದಿತ್ತು. ಟೀಚರ ಮುಖ ಅರಳಿತು, ಅದನ್ನು ನೋಡಿ ಅವಳ ಮುಖವೂ ಅರಳಿತು. ಲಿಫ್ಟು ತನ್ನ ಮನೆಯೆದುರು ನಿಲ್ಲುವ ಹೊತ್ತಿಗೆ ಆ ಖುಷಿಯೆಲ್ಲ ಇಳಿದುಹೋಗಿತ್ತು. ಈಗ ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡರೆ, ನೊರೆ ತುಂಬಿದ ಬಾಯಿಯ ಆ ಹೆಂಗಸು ಯಾವ ಸುಳ್ಳನ್ನೂ ಹೇಳದವಳ ಹಾಗೆ ಅಮಾಯಕಳಾಗಿ ಕಾಣುತ್ತಿದ್ದಳು. ಬೆಪ್ಪುತಕ್ಕಡಿ, ಎಂದು ಅವಳಿಗೆ ಬೈದು ಬಾಯಿ ಮುಕ್ಕಳಿಸಿದಳು.

ಏಣಿಯ ಈ ಪಂಚಾಯಿತಿಗೆಲ್ಲ ಮೂಲ ಅವಳೂ ಮೈದುನನೂ ಸೇರಿ ಶುರುಮಾಡಿದ ಕಂಪನಿ. ಕಂಪನಿ ಎಂದರೆ ಊಟದ ಮೇಜಿನ ಒಂದು ತುದಿ, ಮೈದುನನ ಲ್ಯಾಪ್‌ಟಾಪು, ಮತ್ತೆ ಅವಳ ಬಾಯಿ. ವಿಮಾ ಆಫೀಸಿನ ಫೋನಿನ ಮುಂದೆ ಕೂತು ಸಿಟ್ಟಿಗೆದ್ದವರಿಗೆಲ್ಲ ಕ್ಷಮಿಸಿ ಸರ್, ಕ್ಷಮಿಸಿ ಮೇಡಂ ಎನ್ನುತ್ತಾ ಅವಳ ಕೂದಲು ಹಣ್ಣಾಗುವುದಕ್ಕೆ ಶುರುವಾದಾಗ, ಒಂದು ದಿನ ಗಂಡ ಕನ್ನಡಿ ತೂಗುಹಾಕಲು ಡ್ರಿಲ್ಲಿಂಗ್ ಮೆಷಿನ್ನು ಕೊಂಡುತಂದ. ಒಂದು ತೂತಿಗೆ ಒಂದು ಮೆಷಿನ್ನು! ಅದು ಪೆಟ್ಟಿಗೆಗೆ ಮರಳಿ ಮಂಚದಡಿ ಸೇರಿದ್ದನ್ನು ನೋಡುತ್ತಾ, ಈ ಕಟ್ಟಡದಲ್ಲಿ ಇನ್ನೆಷ್ಟು ಮಂಚಗಳ ಅಡಿಯಲ್ಲಿ ಇನ್ನೆಷ್ಟು ಮೆಷಿನ್ನುಗಳು ಧೂಳು ತಿನ್ನುತ್ತಿವೆಯೋ ಎಂದು ಅವಳಿಗೆ ಅನ್ನಿಸಿತ್ತು. ಅನ್ನಿಸಿದ್ದನ್ನು ಮೈದುನನಿಗೆ ಹೇಳಿದ್ದೇ ತಪ್ಪಾಯಿತು. ಅವನು ತಟ್ಟೆ ಬದಿಗೆ ಸರಿಸಿ ಅಲ್ಲೇ ಬರೆಯಲು ಕೂತ. ಫೋನಿಗೊಂದು ಆ್ಯಪ್, ಅದರಲ್ಲಿ ಎರಡು ಪಟ್ಟಿ. ಎಡಗಡೆ, ಕೊಡುತ್ತೇನೆ. ಬಲಗಡೆ, ಬೇಕಾಗಿದೆ. ಅಕ್ಕಪಕ್ಕದವರು ಒಬ್ಬರ ಸಾಮಾನು ಒಬ್ಬರು ಬಳಸಿ ಹಿಂತಿರುಗಿಸುವುದು, ಅಷ್ಟೇ. ಅವಳು ರಾಜೀನಾಮೆ ಕೊಟ್ಟ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಕ್ಕಿದ್ದಳು, ಎದುರಿಗೆ ಕೂತವರು ಸೀಟು ಬದಲಾಯಿಸುವಷ್ಟು. ಇಷ್ಟು ವರ್ಷದಲ್ಲಿ ಇದು ನನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಸಿಕ್ಕಿದ್ದು ಇದೊಂದೇ.

ಆಮೇಲೆ ಮನೆಮನೆಯ ಕರೆಗಂಟೆ ಒತ್ತಿದ್ದು. ಏನ್ ಮಾರೋಕೆ ಬಂದಿದೀರಿ ಎಂದು ಬಾಗಿಲ ಸಂದಿಯಿಂದ ಒಂದೇ ಕಣ್ಣು ತೋರಿಸಿದವರು, ಅಮ್ಮ ಮನೇಲಿಲ್ಲ ಎಂದು ಸ್ವತಃ ಅಮ್ಮನ ದನಿಯಲ್ಲೇ ಹೇಳಿದವರು, ಎಲ್ಲರನ್ನೂ ನೋಡಿದ್ದಾಯಿತು. ಆದರೆ ಸಂಗತಿ ತಿಳಿದ ಮೇಲೆ ಜನ ಎಷ್ಟು ಉದಾರಿಗಳಾದರು! ಡ್ರಿಲ್ಲು, ಹೊಲಿಗೆ ಮೆಷಿನ್ನು, ದೊಡ್ಡ ಸೂಟ್‌ಕೇಸು, ಊರುಗೋಲು, ತೊಟ್ಟಿಲು, ಮಡಿಸುವ ಮಂಚ, ಟೀಚರ ಏಣಿ. ಎಡಗಡೆಯ ಪಟ್ಟಿ ಉದ್ದವಾಗುತ್ತಾ ಹೋಯಿತು. ಬಲಗಡೆಯದು ಬೆಳ್ಳಗೆ ಉಳಿಯಿತು. ಕೊಡುವವರು ಕೊಡುವವರೇ, ಬೇಕು ಎನ್ನುವ ಒಂದು ಪ್ರಾಣಿಯೂ ಇಲ್ಲ. ಎರಡನೇ ಮಹಡಿಯ ಹಲ್ಲಿನ ಡಾಕ್ಟರಂತೂ ಏನಾದರೂ ಬೇಕಿದ್ದರೆ ಕೇಳಿ ಡಾಕ್ಟ್ರೇ ಎಂದಿದ್ದಕ್ಕೆ, "ಕೇಳೋ ಗತಿ ನಮಗಿನ್ನೂ ಬಂದಿಲ್ಲ ಬಿಡಿ" ಎಂದು ನಗುನಗುತ್ತಲೇ ಬಾಗಿಲು ಹಾಕಿಕೊಂಡಿದ್ದರು. ಆ ಬಾಗಿಲಿನ ಎದುರು ಅವಳು ಕೈಯಲ್ಲಿ ಫೋನು ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದಳು. ತಪ್ಪು ಮಾಡಿದವಳ ಹಾಗೆ ಕಿವಿ ಬಿಸಿಯಾಗಿತ್ತು.

ತಿಂಡಿಯ ಹೊತ್ತಿಗೆ ಗಂಡ ಕೆಲಸಕ್ಕೆ ಹೋಗಿಯಾಗಿತ್ತು. ಮೈದುನ ತಟ್ಟೆಯನ್ನು ಕೆದಕುತ್ತಾ ಕೂತಿದ್ದ. ಎಂದೂ ಹಾಗೆ ಕೂತವನಲ್ಲ. ಅವನಿಗೆ ಬೇರೊಂದು ಕಂಪನಿಯವರು ಕರೆದಿದ್ದರು, ಒಳ್ಳೆಯ ಕೆಲಸ, ಬರುತ್ತೀಯೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ಹೇಳಬೇಕಿತ್ತು.

"ಒಂದೇ ಒಂದು, ಅತ್ತಿಗೆ" ಎಂದ. "ನಾವಲ್ಲದೆ ಇನ್ಯಾರಾದ್ರೂ ಒಬ್ರು, ಒಂದು ಸೂಜಿ ಬೇಕು ಅಂತ ಹಾಕಿದ್ರೂ ಸಾಕು. ನಾನು ಬರಲ್ಲ ಅಂತ ಅವರಿಗೆ ಹೇಳಿಬಿಡ್ತೀನಿ. ಯಾರೂ ಕೇಳದೆ ಇರೋದನ್ನ ಇಟ್ಕೊಂಡು ಎಷ್ಟು ದಿನ ಅಂತ ಕೂರೋದು?"

"ಹೋಗೋ ಹಾಗಿದ್ರೆ ಹೋಗಪ್ಪಾ. ನನಗೋಸ್ಕರ ಇರಬೇಡ" ಎಂದಳು, ಅವನು ಇರಲಿ ಎಂದು ಮೈಯೆಲ್ಲ ಕೂಗುತ್ತಿದ್ದರೂ.

ಒಳಕೋಣೆಯಿಂದ ಅತ್ತೆಯ ದನಿ ಬಂತು. ಲಿಫ್ಟೆಂದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತದೆ, ಮೆಟ್ಟಿಲೆಂದರೆ ಮಂಡಿ ನೋಯುತ್ತದೆ. ಹಾಗಾಗಿ ಕೆಳಗಿಳಿಯುವುದನ್ನೇ ಬಿಟ್ಟು, ಮಂಚದ ಮೇಲೆ ಕೂತಲ್ಲಿಂದಲೇ ಇಡೀ ಮನೆಯನ್ನು ನಡೆಸುತ್ತಿದ್ದರು. "ಅಂಗಡಿ ಇಲ್ಲ, ಸಾಮಾನಿಲ್ಲ, ಗಿರಾಕಿ ಇಲ್ಲ. ಇದ್ಯಾವ ಸೀಮೆ ವ್ಯಾಪಾರನೋ! ನನ್ನ ಫೋನಿಗೂ ಹಾಕಿಕೊಟ್ಟಿದೀಯ, ಬರೀ ಏಣಿ ತೊಟ್ಟಿಲು ನೋಡ್ಕೊಂಡು ಕೂತಿದೀನಿ ಬೆಳಿಗ್ಗೆಯಿಂದ."

"ನೀನೇ ಏನಾದ್ರೂ ಕೇಳಮ್ಮ ಹಾಗಾದ್ರೆ" ಎಂದು ಮೈದುನ ಕೂಗಿದ. "ನಾನು ಯಾರ ಹತ್ರ ಏನು ಕೇಳಿದೀನೋ ಇವತ್ತಿನವರೆಗೆ?" ಎಂದರು ಅತ್ತೆ. ಅದು ನಿಜವೇ ಆಗಿತ್ತು. ಮದುವೆಯಾಗಿ ಬಂದಂದಿನಿಂದ ಅತ್ತೆ ಒಂದು ಲೋಟ ನೀರನ್ನೂ ಕೇಳಿ ಪಡೆದದ್ದು ಅವಳಿಗೆ ನೆನಪಿಲ್ಲ. ನೀರು ಕುಡಿಯಬೇಕಾದರೆ, ಇವತ್ತು ಏನು ಸೆಕೆ ಎನ್ನುತ್ತಿದ್ದರು. ಉಳಿದದ್ದು ಸೊಸೆಗೆ ಅರ್ಥವಾಗಬೇಕು. ಅವಳೂ ಸಾಚಾ ಅಲ್ಲ. ಬಲಗಡೆಯ ಪಟ್ಟಿಯಲ್ಲಿ ಅವಳ ಹೆಸರೂ ಇರಲಿಲ್ಲ. ಅವಳಿಗಾಗ ಎಂಟೋ ಒಂಬತ್ತೋ ವಯಸ್ಸಿರಬೇಕು, ಅಮ್ಮ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಸಕ್ಕರೆ ತರಲು ಕಳಿಸಿದ್ದಳು. ಆ ಮನೆಯಾಕೆ ಬಟ್ಟಲು ತುಂಬ ಕೊಟ್ಟರು, ಗೋಪುರದ ಹಾಗೆ ಕೊಟ್ಟರು, ಕೊಟ್ಟು, "ನಿಮ್ಮನೆ ಸಕ್ಕರೆ ಡಬ್ಬಕ್ಕೇನು ತೂತು ಬಿದ್ದಿದ್ಯೇನೇ?" ಎಂದರು. ಒಳಗಿದ್ದವರೆಲ್ಲ ನಕ್ಕರು, ಕೆಟ್ಟ ನಗುವೇನಲ್ಲ, ಅವಳೂ ನಕ್ಕಳು. ನಗುತ್ತಾ ನಗುತ್ತಾ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಅಂಗಳ ದಾಟುವಾಗ, ಇಡೀ ಬೀದಿ ಆ ಬಟ್ಟಲನ್ನೇ ನೋಡುತ್ತಿದೆ ಅನ್ನಿಸಿ ಕಾಲು ತೊಡರಿತ್ತು. ಅಂದಿನಿಂದ ಅವಳು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಡಾಕ್ಟರು ಬೇಡವೆಂದಿದ್ದಾರೆ ಅಂತ ಎಲ್ಲರಿಗೂ ಹೇಳುತ್ತಾಳೆ.

ಕಸದ ಚೀಲದ ನೆವದಲ್ಲಿ ಕೆಳಗಿಳಿದಳು. ಟೀಚರ ಮನೆಯ ಬಾಗಿಲ ಪಕ್ಕ ಏಣಿ ನಿಂತಿತ್ತು. ತೊಳೆದು, ಒರೆಸಿ, ನಾಲ್ಕೂ ಕಾಲಿಗೆ ನೆಲ ಗೀಚದಿರಲೆಂದು ಹಳೇ ಬಟ್ಟೆಯ ತುಂಡು ಕಟ್ಟಿತ್ತು. ಬಾಗಿಲು ಹಾರುಹೊಡೆದಿತ್ತು. ಒಳಗೆ ಟೀಚರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಬಾಗಿಲನ್ನೇ ನೋಡುತ್ತಾ ಕುರ್ಚಿಯಲ್ಲಿ ಕೂತಿದ್ದರು. ಟೀಪಾಯಿಯ ಮೇಲೆ ಎರಡು ಲೋಟ ಮುಚ್ಚಿಟ್ಟಿತ್ತು. ಅವಳು ಅಲ್ಲಿ ನಿಲ್ಲಲಿಲ್ಲ. ಕಸದ ಚೀಲವನ್ನು ಮುಖಕ್ಕೆ ಅಡ್ಡ ಹಿಡಿದು, ಬೆಕ್ಕಿನಂತೆ ಹೆಜ್ಜೆಯಿಟ್ಟು ಗೇಟು ದಾಟಿ ಬೀದಿಗೆ ಬಂದುಬಿಟ್ಟಳು. ಇಷ್ಟು ವಯಸ್ಸಾದ ಮೇಲೆ ಕಸದ ಹಿಂದೆ ಅಡಗಿಕೊಳ್ಳುವುದು ಎಂದರೆ! ಮರ್ಯಾದೆ ಅನ್ನುವುದು ಇದ್ದದ್ದೂ ಕಸದ ಡಬ್ಬಿಗೆ ಹೋಯಿತು.

ಬೀದಿಯಲ್ಲಿ ಅವಳಿಗೆ ಎತ್ತರದಲ್ಲಿರುವುದೇ ಕಣ್ಣಿಗೆ ಬೀಳತೊಡಗಿತು. ಸೊಟ್ಟಗೆ ಜೋತುಬಿದ್ದ ಬೋರ್ಡು, ಸಜ್ಜೆಯ ಮೇಲೆ ಯಾರದೋ ಒಂಟಿ ಚೆಂಡು, ಜೇಡರಬಲೆ, ನಿಂತುಹೋದ ಗಡಿಯಾರ. ಲೋಕಕ್ಕೆ ಲೋಕವೇ ಏಣಿಗಾಗಿ ಕಾಯುತ್ತಿತ್ತು, ಬಾಯಿಬಿಟ್ಟು ಹೇಳುವವರು ಮಾತ್ರ ಇರಲಿಲ್ಲ. ಮೂಲೆಯ ಟೈಲರ್ ಅಂಗಡಿಯಲ್ಲಿ ಮೇಲಿನ ದೀಪ ಹೋಗಿ, ಟೈಲರು ಬಾಗಿಲಿನ ಬೆಳಕಿಗೆ ಮೆಷಿನ್ನು ಎಳೆದುಕೊಂಡು ಹೊಲಿಯುತ್ತಿದ್ದ. ಅವಳ ಕಾಲು ತಾನಾಗಿ ಆ ಕಡೆ ತಿರುಗಿತು.

"ದೀಪ ಹೋಗಿದೆಯಲ್ಲ, ಏಣಿ ಬೇಕಿತ್ತಾ ನಿಮಗೆ?"

"ನಾನೇನಾದ್ರೂ ಕೇಳಿದ್ನಾ?" ಎಂದು ಟೈಲರು ಬಾಯಲ್ಲಿದ್ದ ಗುಂಡುಸೂಜಿ ತೆಗೆದ.

"ಇಲ್ಲ, ಸುಮ್ಮನೆ..."

"ಸ್ಟೂಲಿನ ಮೇಲೆ ಕುರ್ಚಿ ಇಟ್ಕೊಂಡು ಹತ್ತಕ್ಕೆ ಬರುತ್ತೆ ನನಗೆ. ಹೋದ್ಸಲ ಬಿದ್ದೆ, ಅದು ಬೇರೆ ವಿಷ್ಯ." ಇಷ್ಟು ಹೇಳಿ ಸೂಜಿಯನ್ನು ಮತ್ತೆ ಬಾಯಿಗಿಟ್ಟುಕೊಂಡು ಬಾಯಿ ಮುಚ್ಚಿಕೊಂಡ. ಅವಳಿಗೆ ಅವಮಾನವೂ ಆಯಿತು, ತಡೆಯಲಾರದ ನಗುವೂ ಬಂತು. ಬಿದ್ದು ಸೊಂಟ ಮುರಿದುಕೊಂಡೇನು, ಆದರೆ ಕೇಳಲಾರೆ! ಇವನಿಗೂ ಯಾರೋ ಎಂದೋ ಬಟ್ಟಲು ತುಂಬ ಸಕ್ಕರೆ ಕೊಟ್ಟಿರಬೇಕು. ಬಿಸಿಲಿನಲ್ಲಿ ನಿಂತು ನಗುತ್ತಿರುವಾಗ, ಊರಿನವರ ಬಾಯಿಂದ ಬೇಕು ಎನ್ನಿಸಲು ಹೊರಟ ತಾನು ಒಂದು ಸಲವೂ ಆ ಮಾತನ್ನು ಆಡಿಲ್ಲ ಎನ್ನುವುದು ಹೊಳೆದು, ನಗು ಅರ್ಧಕ್ಕೇ ನಿಂತಿತು. ಅವಳು ಹಿಂದಿರುಗಿ ನಡೆದಳು.

ಟೀಚರು ಹಾಗೆಯೇ ಕೂತಿದ್ದರು. "ಬರ್ತೀನಿ ಅಂದವರು ಹೇಳಿದ ಹೊತ್ತಿಗೆ ಬರಲ್ಲ ಅಂದ್ರೆ ಏನಮ್ಮಾ ಅರ್ಥ? ನನ್ನ ಕ್ಲಾಸಲ್ಲಾಗಿದ್ರೆ ಆಚೆ ನಿಲ್ಲಿಸ್ತಿದ್ದೆ."

"ಟೀಚರ್, ಯಾರೂ ಬರಲ್ಲ. ಯಾರೂ ಕೇಳಿರಲಿಲ್ಲ."  ಅವಳ ಕಿವಿಯ ತುದಿ ಸುಡತೊಡಗಿತು, ಎರಡೂ ಕೈ ತಮಗೆ ತಾವೇ ಒಂದು ಬಟ್ಟಲು ಹಿಡಿದ ಹಾಗೆ ಮುಂದಕ್ಕೆ ಬಂದವು. "ನನಗೆ ಬೇಕಿತ್ತು. ಏಣಿ. ಕೊಡ್ತೀರಾ?"

ಟೀಚರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಈಗ ಏನೋ ಒಂದು ಮಾತು ಬರುತ್ತದೆ, ನಿಮ್ಮನೆಯಲ್ಲಿ ಒಂದು ಏಣಿಗೂ ಗತಿಯಿಲ್ಲವೇ ಎನ್ನುವಂಥದ್ದು, ಎಂದು ಅವಳು ಕಣ್ಣು ಕಿರಿದು ಮಾಡಿಕೊಂಡು ಕಾದಳು. "ಇಷ್ಟಕ್ಕೆ ಬೆಳಿಗ್ಗೆ ಕಸದ ಚೀಲ ಮುಚ್ಕೊಂಡು ಓಡಿದ್ಯಾ?" ಎಂದರು ಟೀಚರು. "ಯಾವುದಕ್ಕೆ ಬೇಕು?"

ಯಾವುದಕ್ಕೆ? ಅದನ್ನವಳು ಯೋಚಿಸಿರಲೇ ಇಲ್ಲ. ಆದರೆ ಬಾಯಿ ತೆರೆದಾಗ ಉತ್ತರ ಅಲ್ಲೇ ಇತ್ತು, ವರ್ಷಗಳಿಂದ ಅಲ್ಲೇ ಇತ್ತು. "ಅಡುಗೆಮನೆ ಮೇಲ್ಗಡೆ ಒಂದು ಸಣ್ಣ ಕಿಟಕಿ ಇದೆ ಟೀಚರ್. ನಾವು ಬಂದಾಗಿಂದ ತೆಗೆಯೋಕೇ ಆಗಿಲ್ಲ. ಬಣ್ಣ ಬಳಿದಾಗ ಅಂಟ್ಕೊಂಡಿದೆ. ಕುದಿಯೋ ಹಬೆಯೆಲ್ಲ ನನ್ನ ಮುಖಕ್ಕೇ."

"ಮತ್ತೆ ಬಾಯಿಬಿಟ್ಟು ಹೇಳಬಾರದಾ? ನಡಿ, ಆ ಕಡೆ ಹಿಡ್ಕೊ. ಬೆನ್ನು ನೆಟ್ಟಗೆ!"

ಏಣಿಯ ಜೊತೆ ಟೀಚರೂ ಹೊರಟರು. ಬರೀ ಏಣಿ ಕೊಟ್ಟು ಕಳಿಸುವುದಕ್ಕೆ ಅದೇನು ಕೊಡೆಯೇ, ಹತ್ತುವವರಿಗೆ ಕೆಳಗೆ ಹಿಡಿದುಕೊಳ್ಳುವವರು ಬೇಡವೇ ಎಂದರು. ಲಿಫ್ಟಿಗೆ ಅದು ಹಿಡಿಸದೆ ಮೆಟ್ಟಿಲೇ ಗತಿಯಾಯಿತು. ಒಂದೊಂದು ತಿರುವಿನಲ್ಲೂ ಎತ್ತು, ತಿರುಗಿಸು, ಅಯ್ಯೋ ಗೋಡೆ, ಎಂಬ ಗದ್ದಲ. ಸದ್ದಿಗೆ ಬಾಗಿಲುಗಳು ತೆರೆದುಕೊಂಡವು. ಅವಳಿಗೆ ಮತ್ತೆ ಆ ಅಂಗಳ, ಆ ಬೀದಿಯ ಕಣ್ಣುಗಳು. ಆದರೆ ಯಾರೂ ಅವಳನ್ನು ನೋಡುತ್ತಿರಲಿಲ್ಲ, ಎಲ್ಲರೂ ಏಣಿಯನ್ನು ನೋಡುತ್ತಿದ್ದರು. ಗತಿ ಬಂದಿಲ್ಲ ಎಂದಿದ್ದ ಹಲ್ಲಿನ ಡಾಕ್ಟರು ಹೊಸಿಲಲ್ಲಿ ನಿಂತು ಅದರ ಎತ್ತರವನ್ನು ಕಣ್ಣಲ್ಲೇ ಅಳೆದರು. ಹಿಂದೆ ಮುಂದೆ ನೋಡಿ, ಗುಟ್ಟು ಹೇಳುವವರ ದನಿಯಲ್ಲಿ, "ಅದು ಎಷ್ಟೊತ್ತಿಗೆ ಬಿಡುವಾಗುತ್ತೆ?" ಎಂದರು. ಏನಾಗಬೇಕಿತ್ತು ಡಾಕ್ಟ್ರೇ ಎಂದರೆ, "ಅಟ್ಟದ ಮೇಲೆ ಮದುವೆ ಆಲ್ಬಮ್ ಇದೆ. ಹಾಕಿದವರು ಹಾಕಿಬಿಟ್ರು, ಇಳಿಸೋಕಾಗ್ಲಿಲ್ಲ. ಹೆಂಡತಿ ಪ್ರತಿ ವರ್ಷ ಕೇಳ್ತಾಳೆ, ನಾನು ಪ್ರತಿ ವರ್ಷ ನಾಳೆ ಅಂತೀನಿ" ಎಂದು ತಮ್ಮ ಬಿಳಿ ಹಲ್ಲುಗಳನ್ನೆಲ್ಲ ತೋರಿಸಿ ನಾಚಿದರು. ಮೂರನೇ ಮಹಡಿಯ ತನ್ನ ಮನೆ ತಲುಪುವುದರೊಳಗೆ ಇನ್ನಿಬ್ಬರು ಕೇಳಿದ್ದರು.

ಅಡುಗೆಮನೆಯಲ್ಲಿ ಟೀಚರು ಏಣಿಯನ್ನು ತಬ್ಬಿಕೊಂಡು ನಿಂತರು, ಅವಳು ಚಾಕುವಿನಿಂದ ಬಣ್ಣ ಕೆರೆದು ಅಂಗೈಯಲ್ಲಿ ಗುದ್ದಿದಳು. ಒಂದು ಸಲ, ಇನ್ನೊಂದು ಸಲ, ಇದೇನು ಗ್ರಹಚಾರವಪ್ಪಾ ಎಂದು ಮತ್ತೊಂದು ಸಲ. ಕಿಟಕಿ ಕಿರ್ರೆಂದು ತೆರೆದು, ಗಾಳಿ ಒಮ್ಮೆಲೇ ಮುಖಕ್ಕೆ ಬಡಿಯಿತು. ಕೆಳಗೆ ಕ್ಯಾಲೆಂಡರು ಪಟಪಟ ಹೊಡೆದುಕೊಂಡಿತು, ಮುಚ್ಚಳವೊಂದು ಉರುಳಿತು, "ಯಾರೇ ಅದು ಗಾಳಿ ಬಿಟ್ಟಿದ್ದು?" ಎಂದು ಅತ್ತೆ ಒಳಗಿಂದ ಕೂಗಿದರು. ಕಿಟಕಿಯಾಚೆ ಅವಳು ಈ ತನಕ ನೋಡದ ಒಂದು ಮರದ ತುದಿ ಇತ್ತು, ಅದರಾಚೆ ಯಾರದೋ ಟೆರೇಸು, ಒಣಗುವ ಬಟ್ಟೆ, ಆಕಾಶ. ಇಷ್ಟೆಲ್ಲ ತನ್ನ ಒಲೆಯ ಮೇಲೇ ಇತ್ತೇ! ಅವಳಿಗೆ ಸಂತೋಷದಿಂದ ಅಳು ಬಂದು, ಏಣಿಯ ಮೇಲೆಯೇ ಕೂತುಬಿಟ್ಟಳು. "ಇಳಿಯಮ್ಮಾ, ಡಾಕ್ಟ್ರು ಕಾಯ್ತಿದಾರೆ" ಎಂದರು ಟೀಚರು.

ಮಧ್ಯಾಹ್ನವೆಲ್ಲ ಏಣಿ ಮನೆಯಿಂದ ಮನೆಗೆ ಹೋಯಿತು, ಅದರ ಹಿಂದೆ ಅವರಿಬ್ಬರೂ ಹೋದರು. ಆಲ್ಬಮ್ ಇಳಿಯಿತು. ಡಾಕ್ಟರ ಹೆಂಡತಿ ಧೂಳು ಒರೆಸುವ ಮುಂಚೆಯೇ ಅದನ್ನು ತೆರೆದು, ಫೋಟೋದಲ್ಲಿದ್ದ ಸಣಕಲು ಡಾಕ್ಟರನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಒಂದು ಮನೆಯಲ್ಲಿ ದೀಪ ಹತ್ತಿತು, ಇನ್ನೊಂದರಲ್ಲಿ ಗಡಿಯಾರ ನಡೆಯಿತು. ಕೊನೆಗೆ ಟೈಲರಿಗೂ ಸುದ್ದಿ ಮುಟ್ಟಿ, ಅವನು ಗೇಟಿನ ಹತ್ತಿರ ಬಂದು, "ನಾನು ಕೇಳ್ತಿಲ್ಲ, ನೀವೇ ಬೆಳಿಗ್ಗೆ ಕೇಳಿದ್ರಲ್ಲ ಅಂತ ಬಂದೆ" ಎಂದ. ಟೀಚರು ಎಲ್ಲೆಡೆ ಏಣಿಯ ಬುಡ ಹಿಡಿದು, ಹತ್ತಿದವರಿಗೆಲ್ಲ ಬೆನ್ನು ನೆಟ್ಟಗೆ ಎಂದು ಗದರಿಸುತ್ತಾ, ಕೊಟ್ಟ ಪಾನಕ ಕುಡಿಯುತ್ತಾ ತಿರುಗಿದರು. ಸಂಜೆಯಾಗುತ್ತಲೇ ಏಣಿಯನ್ನು ಅವರ ಬಾಗಿಲಿಗೆ ಮುಟ್ಟಿಸಿ, ಅವಳು ಎರಡೆರಡು ಮೆಟ್ಟಿಲು ಹಾರಿ ಮನೆಗೆ ಬಂದಳು.

"ಕೇಳಿದ್ರು ಕಣೋ! ಎಲ್ಲರೂ ಕೇಳಿದ್ರು! ಆ ಡಾಕ್ಟ್ರೂ ಕೇಳಿದ್ರು!"

ಮೈದುನ ಅವಳ ಕೂದಲಲ್ಲಿದ್ದ ಜೇಡರಬಲೆಯನ್ನೂ, ಸುಣ್ಣ ಮೆತ್ತಿದ ಮೂಗನ್ನೂ ನೋಡಿ ನಕ್ಕ. ಆಮೇಲೆ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಬಲಗಡೆಯ ಪಟ್ಟಿ ಬೆಳ್ಳಗೆ ಇತ್ತು. "ಎಲ್ಲಿ ಅತ್ತಿಗೆ? ಇಲ್ಲಿ ಯಾರೂ ಕೇಳಿಲ್ವಲ್ಲ."

"ಮೆಟ್ಟಿಲ ಮೇಲೆ ಕೇಳಿದ್ರು."

"ಮೆಟ್ಟಿಲ ಮೇಲೆ ಕೇಳೋದಾದ್ರೆ ನಮ್ಮ ಆ್ಯಪ್ ಯಾಕೆ ಬೇಕು? ಹೇಳಿ."

 ಕೆಲಸಕ್ಕೆ ಕರೆದಿದ್ದ ಕಂಪನಿಯ ನಂಬರು ಅವನ ಫೋನಿನಲ್ಲಿ ತೆರೆದೇ ಇತ್ತು, ಒತ್ತುವುದೊಂದು ಬಾಕಿ. ಅವಳು ಕೈತೊಳೆಯಲು ಹೋಗಿ, ತೊಳೆಯದೆ ನಿಂತಳು. ದುಃಖವಾಗಬೇಕಿತ್ತು, ಆಗುತ್ತಲೂ ಇತ್ತು, ಆದರೆ ಹೊಸ ಕಿಟಕಿಯಿಂದ ಗಾಳಿ ಬಂದು ಕುತ್ತಿಗೆಗೆ ತಾಗುತ್ತಿದ್ದುದರಿಂದ ಆ ದುಃಖವನ್ನು ಪೂರ್ತಿ ಪಡುವುದಕ್ಕೆ ಅವಳಿಂದ ಆಗಲಿಲ್ಲ. ಹೋಗಲಿ ಬಿಡು, ಅವನಾದರೂ ಹಾಯಾಗಿರಲಿ, ಎಂದುಕೊಳ್ಳುವಷ್ಟರಲ್ಲಿ ಮೇಜಿನ ಮೇಲೆ ಟಿಣ್ ಎಂದಿತು. ಆ್ಯಪಿನ ಆ ಸದ್ದು ಹೇಗಿರಬೇಕೆಂದು ಇಬ್ಬರೂ ಜಗಳವಾಡಿ ಆರಿಸಿದ್ದರು. ಇವತ್ತಿನ ತನಕ ಅದು ತಾನಾಗಿ ಆಗಿರಲಿಲ್ಲ.

ಮೈದುನ ಓದಿದ, ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ. "ಬೇಕಾಗಿದ್ದಾರೆ: ಏಣಿ ಹಿಡಿದುಕೊಳ್ಳಲು ಒಬ್ಬರು. ಏಣಿ ನನ್ನಲ್ಲೇ ಇದೆ. ಒಬ್ಬಳೇ ಹತ್ತಲು ಧೈರ್ಯ ಸಾಲದೆ ಫ್ಯಾನು ಒರೆಸಿಲ್ಲ, ಬಹಳ ದಿನವಾಯಿತು. ಎದುರಿಗೆ ಕೇಳಲು ನಾಚಿಕೆಯಾದ್ದರಿಂದ ಇಲ್ಲಿ ಕೇಳುತ್ತಿದ್ದೇನೆ." ಒಂದು ಅಕ್ಷರ ತಪ್ಪಿರಲಿಲ್ಲ, ಒಂದು ಚುಕ್ಕೆ ಬಿಟ್ಟಿರಲಿಲ್ಲ. ಹೆಸರು ನೋಡುವ ಅಗತ್ಯವೇ ಇರಲಿಲ್ಲ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಇಡೀ ಮಧ್ಯಾಹ್ನ ಟೀಚರ ಜೊತೆಗಿದ್ದಳು. ಊರಿನವರ ಅಟ್ಟ ಗೋಡೆಗೆಲ್ಲ ಅವರಿಂದ ಏಣಿ ಹಿಡಿಸಿದಳು. ನಿಮಗೇನಾದರೂ ಬೇಕಾ ಟೀಚರ್ ಎಂದು ಒಂದು ಮಾತು ಕೇಳಲಿಲ್ಲ. "ನೋಡಿದ್ಯಾ, ಯಾಕೆ ಬೇಕು ಅಂದ್ಯಲ್ಲ" ಎಂದಳು. "ಇದಕ್ಕೆ ಬೇಕು ಕಣೋ." ಉತ್ತರದ ಗುಂಡಿ ಒತ್ತಲು ಅವಳು ಬೆರಳು ಚಾಚಿದರೆ ಮೈದುನ ಕೈ ಹಿಡಿದು ತಡೆದ. "ನಾವು ಒತ್ತಬಾರದು ಅತ್ತಿಗೆ. ಸ್ವಲ್ಪ ತಾಳಿ. ಯಾರಾದ್ರೂ ಬರ್ತಾರಾ ನೋಡೋಣ." ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತರು. ಯಾರೂ ಒತ್ತದಿದ್ದರೆ? ಈ ಮೊದಲ ಕೋರಿಕೆ ಬೆಳಗಿನವರೆಗೂ ಹಾಗೇ ಬಿದ್ದಿದ್ದರೆ, ಟೀಚರು ಬೆನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಬಾಗಿಲು ನೋಡುತ್ತಾ ಕೂತರೆ? ಮತ್ತೆ ಟಿಣ್ ಎಂದಿತು. ಪರದೆಯ ಮೇಲೆ, "ಒಬ್ಬರು ಬರುತ್ತಿದ್ದಾರೆ."

ಒಳಕೋಣೆಯ ಮಂಚ ಕಿರುಗುಟ್ಟಿತು. ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಚೌಕಟ್ಟಿನ ಮೇಲೆ. "ಏನು ಇಬ್ರೂ ದೆವ್ವ ನೋಡಿದ ಹಾಗೆ ನೋಡ್ತಿದೀರಿ? ಏಣಿ ಹಿಡ್ಕೊಳ್ಳೋಕೆ ತೂಕದವರು ಬೇಕಪ್ಪಾ. ನನಗಿಂತ ತೂಕದವರು ಈ ಬಿಲ್ಡಿಂಗಲ್ಲಿ ಯಾರಿದಾರೆ ಹೇಳಿ?"

ಮೈದುನ ಬಿದ್ದು ಬಿದ್ದು ನಕ್ಕ. ನಗುವಿನ ಮಧ್ಯೆಯೇ ಫೋನು ಎತ್ತಿಕೊಂಡು ಆ ನಂಬರು ಒತ್ತಿದ. "ಸರ್, ನಮಸ್ಕಾರ. ಇಲ್ಲ ಸರ್, ಬರೋಕಾಗಲ್ಲ. ನಮ್ಮಲ್ಲಿ ಈಗ ಕೆಲಸ ಶುರುವಾಗಿದೆ" ಎನ್ನುವುದು ಅವಳಿಗೆ ಹೊರಬಾಗಿಲವರೆಗೂ ಕೇಳಿಸುತ್ತಿತ್ತು. ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಮೆಟ್ಟಿಲ ಬಾಯಿಗೆ ಬಂದು ನಿಂತಿದ್ದರು. ಕೆಳಗೆ ಇಣುಕಿದರು, ಹಿಂದೆ ಸರಿದರು, ಮತ್ತೆ ಇಣುಕಿದರು. ಇವತ್ತು ಏನು ಸೆಕೆ ಎನ್ನುತ್ತಾರೆ ಎಂದು ಅವಳು ಪಕ್ಕದಲ್ಲೇ ಕಾದಳು. ಅತ್ತೆ ಅವಳ ಕಡೆ ನೋಡದೆ, ಎದುರಿನ ಗೋಡೆಯನ್ನು ನೋಡುತ್ತಾ, ಸಣ್ಣ ದನಿಯಲ್ಲಿ ಕೇಳಿದರು:

"ಸ್ವಲ್ಪ ಕೈ ಕೊಡ್ತೀಯೇನೇ?"